ಒಂದೇ ಹೊಳ್ಳೆಯ ನೆಗಡಿ

ನಮ್ಮ ಮನೆತನದಲ್ಲಿ ಮೂಗಿನ ರೋಗಿ ಎಂದರೆ ನಾನೇ, ಅದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಇಂಡಿಯಿಂದ ಹೊರಟು ಸಿಂದಗಿ, ಬಸವನ ಬಾಗೇವಾಡಿ ಹಾದು ಮುದ್ದೇಬಿಹಾಳ ಮುಟ್ಟುವ ಬಸ್ಸಿನಲ್ಲಿ ನಾನು ಕಂಡಕ್ಟರ್. ತೊಗರಿ ರಾಶಿಯ ದಿನಗಳಲ್ಲಿ ರಸ್ತೆಯ ಎರಡೂ ಕಡೆ ಮಷಿನ್ನುಗಳು ಹೊಟ್ಟು ತೂರುತ್ತಿರುತ್ತವೆ. ಕಿಟಕಿ ಮುಚ್ಚಿದರೆ ಜನಕ್ಕೆ ಉಸಿರು ಕಟ್ಟುತ್ತದೆ, ತೆರೆದರೆ ನನಗೆ ಸೀನು ಹತ್ತುತ್ತದೆ. ಒಂದು ಸಲ ಹತ್ತಿತೆಂದರೆ ಹತ್ತು ಹನ್ನೆರಡು ಒಟ್ಟಿಗೇ. ದಿನಾ ಓಡಾಡುವವರು ಎಣಿಸುತ್ತಿದ್ದರು. ಒಮ್ಮೆ ಹತ್ತಕ್ಕೇ ನಿಂತಾಗ ಹಿಂದಿನ ಸೀಟಿನ ಮುದುಕನೊಬ್ಬ, "ಯಾಕ್ರಿ ಕಂಡಕ್ಟರ್ ಸಾಹೇಬ್ರ, ಇವತ್ತ ಎರಡ ಕಡಿಮಿ ಬಿದ್ದಾವಲ್ರಿ?" ಎಂದು ಇಡೀ ಬಸ್ಸನ್ನು ನಗಿಸಿದ್ದ.

ಸೀನು ನಿಂತ ಮೇಲೆ ಮೂಗು ಕಟ್ಟುತ್ತಿತ್ತು. ಔಷಧದ ಅಂಗಡಿಯವನು ಒಂದು ಸಣ್ಣ ಬಾಟಲಿ ಕೊಟ್ಟಿದ್ದ. ಎರಡು ಹನಿ ಬಿಟ್ಟರೆ ಅರೆ ನಿಮಿಷದಲ್ಲಿ ಮೂಗು ಬಿಚ್ಚಿಕೊಳ್ಳುತ್ತಿತ್ತು. ಮೊದಮೊದಲು ದಿನಕ್ಕೊಮ್ಮೆ ಬಿಡುತ್ತಿದ್ದೆ, ಆಮೇಲೆ ಮೂರು ಸಲ, ಕೊನೆಗೆ ಬಸ್‌ಸ್ಟ್ಯಾಂಡಿಗೊಮ್ಮೆ. ಬೆಳಿಗ್ಗೆ ಡ್ಯೂಟಿಗೆ ಹೊರಟಾಗ ಟಿಕೆಟ್ ಮಷಿನ್ನಿಗಿಂತ ಮೊದಲು ಖಾಕಿ ಅಂಗಿಯ ಜೇಬಿನಲ್ಲಿ ಆ ಬಾಟಲಿ ಇದೆಯೋ ಇಲ್ಲವೋ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಹೀಗೆ ಮೂರು ವರ್ಷ ನಡೆಯಿತು. ಹುಬ್ಬಿನ ಮೇಲೆ, ಕೆನ್ನೆಯ ಎಲುಬಿನ ಮೇಲೆ ಸದಾ ಒಂದು ಭಾರ. ಹೆಂಡತಿ ಅರಿಶಿನ ಕೊಂಬು ಸುಟ್ಟು ಹೊಗೆ ಕೊಟ್ಟಳು. ನೀಲಗಿರಿ ಎಣ್ಣೆ ಹಾಕಿದ ಬಿಸಿನೀರಿನ ಪಾತ್ರೆಯ ಮೇಲೆ ಚಾದರ ಹೊದಿಸಿ ಕೂಡಿಸಿದಳು. ಒಂದು ಗಂಟೆ ಹಗುರ ಅನಿಸುತ್ತಿತ್ತು, ಅಷ್ಟೇ.

ಆಗ ಅಕ್ಕನ ಮೂಗಿನ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲ.

ಅಕ್ಕ ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಅವ್ವ ಹೊಲಕ್ಕೆ ಹೋದರೆ ನಾನು ಅಕ್ಕನ ಸೊಂಟದ ಮೇಲೆ ಇರುತ್ತಿದ್ದೆ. ಅವಳ ಮದುವೆಯಾದ ದಿನ ಸೆರಗು ಬಿಡದೆ ಅತ್ತು, ಬೀಗರ ಚಕ್ಕಡಿಯಲ್ಲೇ ಅವಳ ಜೊತೆ ಹೋಗಿ ಹದಿನೈದು ದಿನ ಇದ್ದು ಬಂದೆನಂತೆ. ಇಂಡಿಯ ಹೊರಗೆ ಅವರದು ನಿಂಬೆ ತೋಟ. ಅರವತ್ತು ತುಂಬಿದರೂ ಉದುರಿದ ಹಣ್ಣು ಆರಿಸಲು ಮುಳ್ಳಿನ ಗಿಡಗಳ ಕೆಳಗೆ ಬಗ್ಗಿ ನುಗ್ಗುವವಳು ಅವಳೇ. ತುಂಬಿದ ಮೈ, ದೊಡ್ಡ ದನಿ. ಊರಿನವರ ಕಾಯಿಲೆಗಳನ್ನೆಲ್ಲ ವಿಚಾರಿಸುವವಳು, ತನಗೆ ಏನಾದರೂ ಆಗಿದೆ ಎಂದು ಹೇಳಿದ್ದನ್ನು ಮಾತ್ರ ನಾನು ಕೇಳಿರಲಿಲ್ಲ.

ಆ ವರ್ಷ ಒಂದು ಭಾನುವಾರ ಅವಳ ಮನೆಗೆ ಊಟಕ್ಕೆ ಹೋದೆ. ಒಲೆಯ ಮುಂದೆ ಸೊಸೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಅಕ್ಕ ದೂರ ಗೋಡೆಗೆ ಬೆನ್ನು ಆನಿಸಿ ಕೂತಿದ್ದಳು, ಸೆರಗು ಮೂಗಿಗೆ ಹಿಡಿದಿದ್ದಳು. ಮೊದಲೆಲ್ಲ ನಾನು ಬಂದ ದಿನ ಅಕ್ಕ ತನ್ನ ಕೈಯಿಂದಲೇ ರೊಟ್ಟಿ ಮಾಡುತ್ತಿದ್ದಳು; ಈಚೆಗೆ ಬಂದಾಗಲೆಲ್ಲ ಸೊಸೆಯೇ. "ಯಾಕ ಯಕ್ಕಾ, ಇವತ್ತೂ ರಜಾ ಏನು?" ಎಂದೆ.

"ಕೈ ನೋಯಾಕತ್ತಾವೋ ತಮ್ಮಾ. ಮ್ಯಾಲೆ ನೆಗಡಿ ಬ್ಯಾರೆ."

ಸೊಸೆ ತಲೆಯೆತ್ತಿ ಒಮ್ಮೆ ಅತ್ತೆಯ ಕಡೆ ನೋಡಿ ಮತ್ತೆ ರೊಟ್ಟಿಯ ಕಡೆ ತಿರುಗಿದಳು. ನಾನು ನನ್ನ ಮೂಗಿನ ಕಥೆ ಶುರುಮಾಡಿದೆ. ಸಿಂದಗಿಯಲ್ಲಿ ಕಿವಿ-ಮೂಗು-ಗಂಟಲಿನ ಡಾಕ್ಟರೊಬ್ಬರು ವಾರಕ್ಕೆ ಎರಡು ದಿನ ಕೂಡುತ್ತಾರೆ, ಬರುವ ವಾರ ರಜೆ ಹಾಕಿ ತೋರಿಸಿಕೊಂಡು ಬರುತ್ತೇನೆ ಎಂದೆ. ಅಕ್ಕನ ಮುಖ ಸಣ್ಣದಾಯಿತು.

"ಒಬ್ಬನ ಹೋಗಬ್ಯಾಡ. ಮೂಗ ಕೊಯ್ತೇನಿ ಅಂದ್ರ ಹೂಂ ಅಂದ ಬಿಡ್ತಿ ನೀ. ನಾನೂ ಬರ್ತೇನಿ."

ಹೀಗೆ ನನ್ನ ಮೂಗನ್ನು ಕಾಯಲು ಅಕ್ಕ ನನ್ನ ಜೊತೆ ಸಿಂದಗಿಗೆ ಬಂದಳು.

ಡಾಕ್ಟರು ನಲವತ್ತರ ಆಸುಪಾಸಿನ ಹೆಣ್ಣುಮಗಳು, ಮುದ್ದೇಬಿಹಾಳದ ಕಡೆಯವರು, ಮಾತೂ ನಮ್ಮದೇ. ನನ್ನನ್ನು ಕುರ್ಚಿಯಲ್ಲಿ ಕೂಡಿಸಿ, ತುದಿಗೆ ದೀಪವಿದ್ದ ತೆಳ್ಳನೆಯ ಉಕ್ಕಿನ ನಳಿಗೆಯೊಂದನ್ನು ಮೂಗಿನೊಳಗೆ ಬಿಟ್ಟರು. "ಇದು ದುರ್ಬೀನ್ರಿ, ಅಂಜಬ್ಯಾಡ್ರಿ. ಅಲ್ಲಿ ಟಿವ್ಯಾಗ ನೋಡ್ರಿ, ನಿಮ್ಮ ಮೂಗು."

ನೋಡಿದೆ. ನಲವತ್ತಾರು ವರ್ಷ ನಾನು ಹೊತ್ತು ತಿರುಗಿದ ಮುಖದೊಳಗೆ ಒಂದು ಗವಿ ಇತ್ತು. ಒದ್ದೆಯಾದ ಕೆಂಪು ಗೋಡೆಗಳು, ಒಂದರ ಮೇಲೊಂದು ಬಾಗಿದ ಮಾಂಸದ ಕಟ್ಟೆಗಳು, ಅವುಗಳ ಸಂದಿಯಲ್ಲಿ ಕತ್ತಲೆಯ ಓಣಿ. ಡಾಕ್ಟರು ಓಣಿಯ ಪಕ್ಕ ಸಣ್ಣದೊಂದು ಜಾಗ ತೋರಿಸಿದರು. "ನಿಮ್ಮ ಕೆನ್ನಿ ಎಲುಬಿನ್ಯಾಗ, ಹಣಿಮ್ಯಾಗ, ಕಣ್ಣಿನ ನಡುವ, ಖಾಲಿ ಖೋಲಿ ಅದಾವ್ರಿ, ಗಾಳಿ ತುಂಬಿದ್ದು. ಅದಕ್ಕ ಸೈನಸ್ ಅಂತೀವಿ. ಒಂದೊಂದು ಖೋಲಿಗೂ ಇಂಥಾ ಸಣ್ಣ ಕಿಂಡಿ. ಧೂಳು ಆಗಲಾರದ್ದಕ್ಕ ಒಳಗ ಬಾವು ಬಂದು ಕಿಂಡಿ ಮುಚ್ಚೈತಿ. ಒಳಗಿನ ನೀರ ಹೊರಗ ಬರವೊಲ್ದು. ಅದಕ್ಕ ಭಾರ."

ನನ್ನ ಮುಖದಲ್ಲಿ ಖಾಲಿ ಕೋಣೆಗಳಿವೆ ಎಂಬುದು ನನಗೆ ಆ ದಿನದವರೆಗೆ ಗೊತ್ತಿರಲಿಲ್ಲ. ಕೆನ್ನೆ ಮುಟ್ಟಿ ನೋಡಿಕೊಂಡೆ.

"ಕೊಯ್ಯಬೇಕೇನ್ರಿ?" ಎಂದು ಮೂಲೆಯ ಸ್ಟೂಲಿನಿಂದ ಅಕ್ಕ ಕೇಳಿದಳು.

"ಏನೂ ಬೇಕಾಗಿಲ್ಲವ್ವಾ. ನಡುವಿನ ಗ್ವಾಡಿ ಸ್ವಲ್ಪ ಡೊಂಕ ಐತಿ, ಭಾಳ ಮಂದಿಗೆ ಇರತೈತಿ." ಆಮೇಲೆ ನನ್ನತ್ತ ತಿರುಗಿ, "ಮೂಗಿಗೆ ಏನರ ಹನಿ ಬಿಡ್ತೀರೇನು?" ಎಂದರು.

ಜೇಬಿನಿಂದ ಬಾಟಲಿ ತೆಗೆದು ಕೊಟ್ಟೆ. ಎಷ್ಟು ದಿನದಿಂದ ಎಂದು ಕೇಳಿದಾಗ ಮೂರು ವರ್ಷ ಎಂದೆ. ಅವರು ಬಾಟಲಿಯನ್ನು ಮೇಜಿನ ಮೇಲಿಟ್ಟು ನನ್ನನ್ನೇ ನೋಡಿದರು.

"ಇದು ನಾಕೈದು ದಿನದ ಔಷಧ್ರಿ. ಅದಕ್ಕ ಮೀರಿದ್ರ ಇದ ರೋಗ. ಇದರ ಜೋರು ಇಳಿದ ಕೂಡಲೇ ಮೂಗು ಮೊದಲಿನಕ್ಕಿಂತ ಜಾಸ್ತಿ ಬಾಯ್ತೈತಿ, ನೀವು ಮತ್ತ ಬಿಡ್ತೀರಿ. ಇವತ್ತಿಂದ ಬಂದ್."

ಕುದಿಸಿ ಆರಿಸಿದ ನೀರಿಗೆ ಉಪ್ಪು, ಚೂರು ಅಡಿಗೆ ಸೋಡಾ ಹಾಕಿ ದಿನಾ ಎರಡು ಹೊತ್ತು ಮೂಗು ತೊಳೆಯಬೇಕು. ಆಮೇಲೆ ಒಂದು ಸ್ಪ್ರೇ ಹೊಡೆದುಕೊಳ್ಳಬೇಕು, ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ, ಮೊನೆ ಕಿವಿಯ ಕಡೆ ಇರಬೇಕು. ತಿಂಗಳುಗಟ್ಟಲೆ ಬಿಡದೆ ಮಾಡಬೇಕು. ಬಸ್ಸಿನಲ್ಲಿ ಮಾಸ್ಕ್. ನನ್ನ ಚಿಕಿತ್ಸೆ ಅಲ್ಲಿಗೆ ಮುಗಿಯಿತು. ಮೂರು ವರ್ಷದ ಗೋಳಿಗೆ ಇಷ್ಟೇನಾ ಎಂದು ನನಗೆ ಒಳಗೊಳಗೇ ಸ್ವಲ್ಪ ನಿರಾಸೆಯೂ ಆಯಿತು.

ಅಕ್ಕ ಎದ್ದಳು. ಸ್ಟೂಲಿನ ಕೆಳಗಿಟ್ಟಿದ್ದ ಕೈಚೀಲ ಎತ್ತಿಕೊಳ್ಳಲು ಬಗ್ಗಿದಳು. ಟಪ್ ಟಪ್ ಎಂದು ನೆಲದ ಫರ್ಶಿಯ ಮೇಲೆ ಮೂರು ಹನಿ ಬಿದ್ದವು. ಅಕ್ಕ ಗಾಬರಿಯಿಂದ ಕಾಲಲ್ಲಿ ಒರೆಸಲು ಹೋದಳು.

"ಒರಸಬ್ಯಾಡ್ರಿ," ಎಂದರು ಡಾಕ್ಟರು. ಚೀಟಿ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟಿದ್ದರು. "ಅವ್ವಾ, ಇನ್ನೊಮ್ಮೆ ಬಗ್ರಿ, ನೋಡೋಣ."

ಅಕ್ಕ ನನ್ನ ಮುಖ ನೋಡಿದಳು, ಬಗ್ಗಿದಳು. ಬಲ ಹೊಳ್ಳೆಯಿಂದ ನೀರು ಹನಿಹನಿಯಾಗಿ ಇಳಿಯಿತು, ನಲ್ಲಿ ಪೂರ್ತಿ ಮುಚ್ಚದಿದ್ದರೆ ಬೀಳುತ್ತದಲ್ಲ, ಹಾಗೆ. ತಿಳಿಯಾದ ನೀರು. ಡಾಕ್ಟರು ಒಂದು ಸಣ್ಣ ಬಾಟಲಿ ತಂದು ಕೆಳಗೆ ಹಿಡಿದರು.

"ಎಷ್ಟ ದಿನಾತು ಹಿಂಗ?"

"ಹೋದ ದೀಪಾವಳಿಯಿಂದ್ರಿ. ನೆಗಡಿ ಐತ್ರಿ. ಇಂಡ್ಯಾಗ ಗುಳಿಗಿ ತಗೊಂಡೇನ್ರಿ, ಕಡಿಮಿ ಆಗವೊಲ್ದು."

"ಒಂದ ಹೊಳ್ಳಿಲಿಂದ ಬರತೈತೋ, ಎರಡರಿಂದೂ ಬರತೈತೋ?"

"ಬಲಗಡಿಯಿಂದ ಅಷ್ಟ ರೀ."

"ಸೆರಗಿಗೆ ಒರಸ್ತೀರಲ್ಲ, ಒಣಗಿದ ಮ್ಯಾಲೆ ಸೆರಗು ಬಿರುಸಾಗತೈತೋ, ಮೆತ್ತಗ ಇರತೈತೋ?"

ಇದೆಂಥ ಪ್ರಶ್ನೆ ಎಂದು ನನಗೆ ಅನಿಸಿತು. ಅಕ್ಕ ಯೋಚಿಸಿ, "ಮೆತ್ತಗ ಇರತೈತ್ರಿ. ಬರೇ ನೀರ ಚೆಲ್ಲಿದಂಗ," ಎಂದಳು. ನನ್ನ ಕರವಸ್ತ್ರ ನೆನಪಾಯಿತು. ಅದು ಒಣಗಿದರೆ ಗಂಜಿ ಹಾಕಿದ ಬಟ್ಟೆಯಂತೆ ಸೆಟೆಯುತ್ತಿತ್ತು.

"ಮಲಗಿದಾಗ ಗಂಟಲದಾಗ ಉಪ್ಪುಪ್ಪು ಹತ್ತತೈತೇನು?"

ಅಕ್ಕ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಯಾರಿಗೂ ಹೇಳಿಲ್ರಿ ನಾ. ನಿಮಗ ಹ್ಯಾಂಗ ಗೊತ್ತಾತ್ರಿ?"

ಡಾಕ್ಟರು ತಮ್ಮ ಕುರ್ಚಿಯನ್ನು ಅಕ್ಕನ ಎದುರಿಗೆ ಎಳೆದುಕೊಂಡು ಕೂತರು. ಹೊರಗೆ ಹತ್ತು ಜನ ಕಾಯುತ್ತಿದ್ದರು, ಡಾಕ್ಟರಿಗೆ ಮಾತ್ರ ಯಾವ ಅವಸರವೂ ಇದ್ದಂತೆ ಕಾಣಲಿಲ್ಲ.

"ಅವ್ವಾ, ಇದು ನೆಗಡಿ ಅಲ್ಲ ಅಂತ ಕಾಣತೈತಿ. ನಮ್ಮ ತಲ್ಯಾಗ ಮಿದುಳು ಬರೇ ಎಲುಬಿನ ಮ್ಯಾಲೆ ಕುಂತಿಲ್ಲ. ಅದರ ಸುತ್ತ ನೀರ ಐತಿ, ಆ ನೀರಾಗ ಅದು ತೇಲತೈತಿ. ಮೂಗಿನ ಮಾಳಿಗಿ ಐತಲ್ಲ, ಅದ ಮಿದುಳಿನ ನೆಲ. ನಡುವಿನ ಎಲುಬು ಹಪ್ಪಳಕ್ಕಿಂತ ತೆಳ್ಳಗ. ಕೆಲವರಿಗೆ ಒಳಗಿನ ನೀರಿನ ಒತ್ತಡ ಜಾಸ್ತಿಯಾಗಿ ಅಲ್ಲಿ ತೂತು ಬೀಳತೈತಿ. ಆ ನೀರ ಮೂಗಿನಿಂದ ಸೋರತೈತಿ."

ನಾನು ಆ ಬಾಟಲಿಯ ತಳದಲ್ಲಿದ್ದ ಒಂದು ಚಮಚೆಯಷ್ಟು ನೀರನ್ನು ನೋಡುತ್ತಿದ್ದೆ. ನನ್ನನ್ನು ಎತ್ತಿ ಆಡಿಸಿದವಳ ಮಿದುಳು ತೇಲುತ್ತಿದ್ದ ನೀರು ಮೇಜಿನ ಮೇಲಿತ್ತು. ಅದಕ್ಕೆ ಬಣ್ಣವಿರಲಿಲ್ಲ. ಕಿಟಕಿಯ ಬೆಳಕು ಅದರೊಳಗಿಂದ ನೇರ ಹಾದುಹೋಗುತ್ತಿತ್ತು.

ಅಕ್ಕ ಕೇಳಿದ್ದು ಮಾತ್ರ ಬೇರೆ. "ಹಂಗಾದ್ರ ಅದು ಹೊಲಸಲ್ಲೇನ್ರಿ?"

"ಹೊಲಸೇನವ್ವಾ? ನಿಮ್ಮ ಇಡೀ ಮೈಯಾಗ ಅದಕ್ಕಿಂತ ಸ್ವಚ್ಛ ನೀರ ಇಲ್ಲ."

ಅಕ್ಕ ಅಳಲು ಶುರುಮಾಡಿದಳು. ಡಾಕ್ಟರು ಹೆದರಿಕೆಯಿಂದ ಅಳುತ್ತಿದ್ದಾಳೆಂದು ತಿಳಿದು ಸಮಾಧಾನ ಮಾಡಿದರು, ನಾನೂ ಹಾಗೇ ತಿಳಿದೆ.

ನಿಜವಾದ ಕಾರಣ ಗೊತ್ತಾದದ್ದು ಹೊರಗೆ, ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಚಹಾ ಕುಡಿಯುವಾಗ. ದೀಪಾವಳಿ ಕಳೆದ ಮೇಲೆ ಚಡಚಣದಲ್ಲಿ ಅವಳ ನಾದಿನಿಯ ಮನೆಯ ಮದುವೆಗೆ ಹೋಗಿದ್ದಳು. ಹೆಂಗಸರೆಲ್ಲ ಸಾಲಾಗಿ ಕೂತು ರೊಟ್ಟಿ ಬಡಿಯುತ್ತಿದ್ದರು. ಅಕ್ಕ ಹಿಟ್ಟು ನಾದಲು ಬಗ್ಗಿದಾಗ ಹಿಟ್ಟಿನ ಮೇಲೆ ಒಂದು ಹನಿ ಬಿತ್ತು. ಪಕ್ಕದಲ್ಲಿದ್ದವಳು ಸುಮ್ಮನೆ ಹಿಟ್ಟಿನ ಪರಾತವನ್ನು ತನ್ನ ಕಡೆ ಎಳೆದುಕೊಂಡಳು.

"ಅವತ್ತಿಂದ ಹಿಟ್ಟ ಮುಟ್ಟಿಲ್ಲೋ ತಮ್ಮಾ," ಎಂದಳು ಅಕ್ಕ. "ಮಮ್ಮಕ್ಕಳ ಎತ್ತಿಕೊಂಡಿಲ್ಲ, ಅವುಗಳ ಮುಖದ ಮ್ಯಾಲೆ ಬಿದ್ದೀತು ಅಂತ. ದೇವರ ಮುಂದ ಬಗ್ಗಿ ನಮಸ್ಕಾರ ಮಾಡಿಲ್ಲ. ವಯಸ್ಸಾದ ಮ್ಯಾಲೆ ಹೊಲಸ ಮುದಿಕಿ ಆದ್ನೆಲ್ಲಪಾ ಅಂತ ಒಬ್ಬಾಕಿನ ಅಳತಿದ್ದೆ. ಅದು ಮಿದುಳಿನ ನೀರಂತ, ಕೇಳಿದಿಲ್ಲ?"

ಆ ಏಳೆಂಟು ತಿಂಗಳು ನಾನು ಎಷ್ಟು ಸಲ ಅವಳ ಮನೆಗೆ ಹೋಗಿ, ನನ್ನ ಸೀನಿನ ಕಥೆ ಹೇಳಿ, ಉಂಡು ಎದ್ದು ಬಂದಿದ್ದೆ.

ಡಾಕ್ಟರು ಹಿಡಿದುಕೊಂಡಿದ್ದ ನೀರನ್ನು ದೂರದ ಲ್ಯಾಬಿಗೆ ಕಳಿಸಿದರು. ಅದರ ವರದಿ ಬರುವವರೆಗೆ ಅಕ್ಕ ಮೂಗು ಸೀಟಬಾರದು, ಭಾರ ಎತ್ತಬಾರದು, ತೋಟದಲ್ಲಿ ಬಗ್ಗಬಾರದು. ಜ್ವರ ಬಂದು ಕುತ್ತಿಗೆ ಸೆಟೆದರೆ ಒಂದು ನಿಮಿಷವೂ ತಡಮಾಡದೆ ದವಾಖಾನೆಗೆ ಬರಬೇಕು ಎಂದಿದ್ದರು. ನೀರು ಹೊರಗೆ ಬರುವ ದಾರಿಯಲ್ಲೇ ಸೋಂಕು ಒಳಗೆ ಹೋಗಬಹುದು, ಮಿದುಳಿನ ಪೊರೆಗೆ ತಗುಲಿದರೆ ಜೀವಕ್ಕೇ ಅಪಾಯ. ಆ ದಿನಗಳಲ್ಲಿ ನಾನು ಡ್ಯೂಟಿಯ ನಡುವೆ ದಿನಕ್ಕೆ ನಾಲ್ಕು ಸಲ ಫೋನ್ ಮಾಡಿ "ಜ್ವರ ಐತೇನು?" ಎಂದು ಕೇಳುತ್ತಿದ್ದೆ. ಅಕ್ಕ ಬೇಸತ್ತು, "ನಿನ್ನ ಫೋನಿಗೆ ಜ್ವರ ಬರತಾವ ನನಗ," ಎನ್ನುತ್ತಿದ್ದಳು.

ನನ್ನ ಮೂಗಿನ ಕಥೆಯೂ ಜೊತೆಜೊತೆಗೆ ನಡೆದಿತ್ತು. ಹನಿ ಹಾಕುವುದನ್ನು ನಿಲ್ಲಿಸಿದ ಮೊದಲ ಹತ್ತು ದಿನ ನರಕ. ಬಾಯಿಂದ ಉಸಿರಾಡುತ್ತ, ಗಂಟಲು ಒಣಗಿಸಿಕೊಂಡು ಟಿಕೆಟ್ ಹರಿದೆ. ದಿನಾ ಬೆಳಿಗ್ಗೆ ಬಚ್ಚಲಲ್ಲಿ ತಲೆ ವಾಲಿಸಿ ಒಂದು ಹೊಳ್ಳೆಯಿಂದ ಉಪ್ಪುನೀರು ಬಿಟ್ಟರೆ ಇನ್ನೊಂದರಿಂದ ಹೊರಗೆ ಬರುತ್ತಿತ್ತು. ಅದನ್ನು ನೋಡಲು ಹೆಂಡತಿ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಎರಡನೆಯ ವಾರದಲ್ಲಿ ಬಾಗೇವಾಡಿ ದಾಟಿದ ಮೇಲೆ ಗಮನಿಸಿದೆ: ಬಾಯಿ ಮುಚ್ಚಿತ್ತು, ಮೂಗು ತಾನಾಗಿ ಉಸಿರಾಡುತ್ತಿತ್ತು. ಹುಬ್ಬಿನ ಭಾರ ಇಳಿದಿತ್ತು. ಸೀನು ಪೂರ್ತಿ ಹೋಗಲಿಲ್ಲ, ಎರಡು ಮೂರಕ್ಕೆ ನಿಂತಿತು.

ಲ್ಯಾಬಿನ ವರದಿ ಬಂತು. ಡಾಕ್ಟರ ಅನುಮಾನ ಸರಿಯಾಗಿತ್ತು. ವಿಜಯಪುರದಲ್ಲಿ ಸ್ಕ್ಯಾನ್ ಮಾಡಿಸಿದೆವು. ಮೂಗಿನ ಮಾಳಿಗೆಯ ಬಲಭಾಗದಲ್ಲಿ, ಜೋಳದ ಕಾಳಿಗಿಂತ ಸಣ್ಣ ತೂತು. ಆಪರೇಷನ್ ಮಾಡಬೇಕು ಎಂದಾಗ ಅಕ್ಕನ ಗಂಡ, ನನ್ನ ಮಾವ, ಗಟ್ಟಿಯಾಗಿ ಬೇಡ ಎಂದರು. "ತಲಿ ಒಡದು ಮಿದುಳಿಗೆ ಕೈ ಹಾಕ್ತಾರಂದ್ರ ಯಾವ ಧೈರ್ಯದ ಮ್ಯಾಲೆ ಕಳಸಲಿ?"

ಡಾಕ್ಟರು ಮೇಜಿನ ಮೇಲಿದ್ದ ದುರ್ಬೀನು ತೋರಿಸಿದರು. "ತಲಿ ಒಡಿಯಂಗಿಲ್ರಿ. ಮುಖದ ಮ್ಯಾಲೆ ಒಂದ ಗೆರಿ ಸೈತ ಬೀಳಂಗಿಲ್ಲ. ನೀರ ಬಂದ ದಾರಿಲೇ ನಾವು ಹೋಗ್ತೇವಿ, ಮೂಗಿನಿಂದ."

ಮಾವ ಅಕ್ಕನ ಕಡೆ ನೋಡಿದರು. ಅಕ್ಕ, "ಮಾಡ್ರಿ ಡಾಕ್ಟ್ರ. ನನಗ ಬಗ್ಗಬೇಕಾಗೈತಿ," ಎಂದಳು.

ಆಪರೇಷನ್ ವಿಜಯಪುರದ ದೊಡ್ಡ ದವಾಖಾನೆಯಲ್ಲಿ, ಅದೇ ಡಾಕ್ಟರ ಕೈಯಿಂದ, ಬೆಳಿಗ್ಗೆ ಒಂಬತ್ತಕ್ಕೆ ಶುರುವಾಯಿತು. ನಾನು, ಮಾವ, ಸೊಸೆ ಹೊರಗಿನ ಬೆಂಚಿನ ಮೇಲೆ ಕೂತೆವು. ಮಧ್ಯಾಹ್ನ ಡಾಕ್ಟರು ಬಂದು, ಎಲ್ಲ ಸರಿಹೋಯಿತು ಎಂದರು. ಆಮೇಲೆ ಏನು ತಿಳಿದರೋ, ನನ್ನನ್ನು ಒಳಗೆ ಕರೆದು ಆಪರೇಷನ್ನಿನ ವಿಡಿಯೊ ಸ್ವಲ್ಪ ತೋರಿಸಿದರು. "ನಿಮಗ ನೋಡಬೇಕಂತ ಭಾಳ ಆಸೆ ಇದ್ದಂಗ ಐತಿ," ಎಂದರು.

ತೂತು ನಿಖರವಾಗಿ ಎಲ್ಲಿದೆ ಎಂದು ಕಾಣಲಿ ಎಂದು ಬೆನ್ನುಹುರಿಯ ಸುತ್ತಲೂ ಇರುವ ಅದೇ ನೀರಿಗೆ ಬೆನ್ನಿನಿಂದ ಸೂಜಿ ಚುಚ್ಚಿ ಒಂದು ಬಣ್ಣ ಸೇರಿಸಿದ್ದರಂತೆ. ಪರದೆಯ ಮೇಲೆ ಅಕ್ಕನ ಮೂಗಿನ ಕೆಂಪು ಮಾಳಿಗೆ ಕಂಡಿತು. ಅಲ್ಲಿ ಒಂದು ಕಡೆ ಎಳೆ ಹಸಿರು ಬಣ್ಣದ ಹನಿಯೊಂದು ಮೂಡಿತು, ಉಬ್ಬಿತು, ಇಳಿಯಿತು. ಮತ್ತೆ ಮೂಡಿತು. ಅದು ಒಂದು ತಾಳದಲ್ಲಿ ಉಬ್ಬಿ ಇಳಿಯುತ್ತಿತ್ತು.

"ಅದು ಯಾಕ್ರಿ ಹಂಗ ಬಡಕೊಳ್ಳಾಕತ್ತೈತಿ?"

"ಅದು ನಿಮ್ಮ ಅಕ್ಕನ ಎದಿ ಬಡಿತ್ರಿ. ಎದಿ ಬಡದಾಗೊಮ್ಮೆ ಮಿದುಳೂ ಸಣ್ಣಗ ಮಿಡಿತೈತಿ, ನೀರೂ ಮಿಡಿತೈತಿ."

ನಾನು ಚಿಕ್ಕವನಿದ್ದಾಗ ಕಿವಿ ಆನಿಸಿ ಮಲಗುತ್ತಿದ್ದ ಎದೆಯ ಬಡಿತವನ್ನು ಕಣ್ಣಿಂದ ನೋಡುತ್ತಿದ್ದೆ, ಒಂದು ಹಸಿರು ಹನಿಯಲ್ಲಿ. ಮುಂದಿನದು ಬೇಗ ಬೇಗ ನಡೆಯಿತು. ಕಿವಿಯ ಹಾಲೆಯಿಂದ ತೆಗೆದ ಕಾಳಿನಷ್ಟು ಕೊಬ್ಬನ್ನು ತೂತಿನಲ್ಲಿ ಕೂರಿಸಿದರು, ತೊಡೆಯ ಸ್ನಾಯುವಿನ ಮೇಲಿನ ಬಿಳಿ ಪೊರೆಯ ಚೂರೊಂದನ್ನು ಅದರ ಮೇಲೆ ಹಾಸಿದರು, ಮೂಗಿನದೇ ತೆಳು ಚರ್ಮ ತಿರುಗಿಸಿ ಮೇಲೆ ಹೊದಿಸಿದರು. ಹಸಿರು ಹನಿ ಮತ್ತೆ ಮೂಡಲಿಲ್ಲ. ಅಕ್ಕನ ಮೈಯ ರಿಪೇರಿಗೆ ಬೇಕಾದದ್ದೆಲ್ಲ ಅಕ್ಕನ ಮೈಯಲ್ಲೇ ಇತ್ತು. ಎಚ್ಚರವಾದ ಮೇಲೆ ಇದನ್ನು ಹೇಳಿದಾಗ ಅವಳು ಹತ್ತಿ ಕಟ್ಟಿದ ಕಿವಿ ಮುಟ್ಟಿಕೊಂಡು, "ಮೂಗಿನ ಕಷ್ಟಕ್ಕ ಕಿವಿ ಆತಲ್ಲೋ," ಎಂದಳು.

ಐದು ದಿನ ತಲೆ ಎತ್ತರಿಸಿದ ಮಂಚದ ಮೇಲೆ ಮಲಗಿಸಿದ್ದರು. ತಿಣುಕಬಾರದೆಂದು ಹೊಟ್ಟೆ ಸಡಿಲಾಗುವ ಔಷಧ, ಒಳಗಿನ ಒತ್ತಡ ಇಳಿಯಲು ಗುಳಿಗೆ; ಮನೆಗೆ ಹೋದ ಮೇಲೆ ತೂಕ ಇಳಿಸಲೇಬೇಕೆಂಬ ತಾಕೀತು. ಸೀನು ಬಂದರೆ ತಡೆಯಬಾರದು, ಬಾಯಿ ಅಗಲಿಸಿ ಸೀನಬೇಕು. ಅಕ್ಕ ಜೀವನವಿಡೀ ಸೆರಗು ಒತ್ತಿಕೊಂಡು ಸದ್ದಿಲ್ಲದೆ ಸೀನಿದವಳು. ಮೂರನೆಯ ದಿನ ಸೀನು ಬಂತು. ಸೊಸೆ ಮಂಚದ ಮೇಲೆ ಹತ್ತಿ ಅತ್ತೆಯ ಗದ್ದ ಹಿಡಿದು, "ಬಾಯಿ ತಗೀರಿ ಅತ್ತಿ, ಬಾಯಿ ತಗೀರಿ!" ಎಂದು ಕೂಗಿದಳು. ಇಡೀ ವಾರ್ಡು ತಿರುಗಿ ನೋಡಿತು. ಅಕ್ಕ ಬಾಯಿ ಅಗಲಿಸಿ ಸೀನಿದ್ದು ಕಾರಿಡಾರಿನವರೆಗೆ ಕೇಳಿತು. ಪಕ್ಕದ ಮಂಚದ ಮುದುಕಿ "ಶತಾಯುಷ್ಯ" ಎಂದಳು. ನಾವು ಮೂವರೂ ಅಕ್ಕನ ಬಲ ಹೊಳ್ಳೆಯನ್ನೇ ನೋಡುತ್ತ ಕೂತೆವು. ಏನೂ ಬರಲಿಲ್ಲ.

ಮೂರು ತಿಂಗಳ ಮೇಲೆ ಸಿಂದಗಿಯಲ್ಲಿ ಮತ್ತೆ ತೋರಿಸಿದೆವು. ಡಾಕ್ಟರು ದುರ್ಬೀನು ಬಿಟ್ಟು ನೋಡಿ, ಗಾಯ ಪೂರ್ತಿ ಕೂಡಿಕೊಂಡಿದೆ ಎಂದರು. ಆಮೇಲೆ ಅಕ್ಕನನ್ನು ನಿಲ್ಲಿಸಿ, "ಬಗ್ರಿ ಅವ್ವಾ," ಎಂದರು.

ಅಕ್ಕ ನಿಧಾನ ಬಗ್ಗಿ ಎರಡೂ ಕೈಯಿಂದ ನೆಲ ಮುಟ್ಟಿದಳು. ಹಾಗೇ ಬಹಳ ಹೊತ್ತು ನಿಂತಳು. ಎದ್ದಾಗ ಮುಖ ಕೆಂಪಾಗಿತ್ತು, ಮೂಗು ಒಣಗಿತ್ತು.

"ಡಾಕ್ಟ್ರ, ಒಂದ ಮಾತ ಕೇಳ್ಲೇನ್ರಿ?" ಎಂದಳು. "ತಿಂಗಳಗಟ್ಟಲೆ ಸೋರಿ ಹೋತಲ್ರಿ ಆ ನೀರ. ಒಳಗ ಖಾಲಿ ಆಗಿಲ್ಲೇನ್ರಿ?"

"ಇಲ್ಲವ್ವಾ. ಅದು ದಿನಾ ಹುಟ್ಟತೈತಿ, ದಿನಾ ಇಂಗತೈತಿ. ಹೆಚ್ಚುಕಡಿಮಿ ಅರ್ಧ ಲೀಟರ್, ದಿನಾ ಹೊಸಾದು."

"ಯಾರ ತುಂಬತಾರ್ರಿ?"

ಡಾಕ್ಟರು ನಕ್ಕರು. "ಯಾರೂ ತುಂಬಂಗಿಲ್ಲವ್ವಾ. ತಾನ ಬರತೈತಿ. ನೀವು ಮಲಗಿದಾಗೂ ಬರತೈತಿ."

ಆ ದಿನ ಮಧ್ಯಾಹ್ನದಿಂದ ನನಗೆ ಡ್ಯೂಟಿ ಇತ್ತು. ಮುದ್ದೇಬಿಹಾಳದಲ್ಲಿ ಅಕ್ಕನ ಮಗಳ ಮನೆ, ಅಲ್ಲಿಗೆ ಹೋಗುತ್ತೇನೆ ಎಂದು ನನ್ನ ಬಸ್ಸಿನಲ್ಲೇ ಹತ್ತಿದಳು. ಡ್ರೈವರನ ಹಿಂದಿನ ಸೀಟು ಕೊಟ್ಟೆ. ಸಿಂದಗಿ ದಾಟಿತು. ಹೂವಿನ ಹಿಪ್ಪರಗಿ ಬರುವ ಹೊತ್ತಿಗೆ ಟಿಕೆಟ್ ಮುಗಿಸಿ ಅವಳ ಪಕ್ಕ ಬಂದು ನಿಂತೆ.

"ತಮ್ಮಾ, ಆ ನೀರ ನಿನ್ನ ತಲ್ಯಾಗೂ ಐತೇನು?"

"ಐತಿ ಯಕ್ಕಾ."

"ಈ ಡ್ರೈವರ್ ತಲ್ಯಾಗೂ?"

"ಎಲ್ಲಾರ ತಲ್ಯಾಗೂ ಐತಿ."

ಅಕ್ಕ ಸೀಟಿನ ಕಂಬಿ ಹಿಡಿದು ಪೂರ್ತಿ ಹಿಂದೆ ತಿರುಗಿದಳು. ಬಸ್ಸು ತುಂಬಿತ್ತು. ಸಂತೆ ಮುಗಿಸಿದವರು, ಕಾಲೇಜಿನ ಹುಡುಗಿಯರು, ಎದೆಗೆ ಕೂಸು ಒತ್ತಿಕೊಂಡ ಒಬ್ಬ ತಾಯಿ, ಟೋಪಿ ಹಾಕಿದ ಇಬ್ಬರು ವ್ಯಾಪಾರಿಗಳು. ಮಧ್ಯಾಹ್ನದ ಬಿಸಿಲಿಗೆ ಅರ್ಧ ಜನ ತೂಕಡಿಸುತ್ತಿದ್ದರು. ರಸ್ತೆಯ ಪ್ರತಿ ತಗ್ಗಿಗೂ ಎಲ್ಲರ ತಲೆಗಳು ಒಟ್ಟಿಗೇ ಮೆಲ್ಲಗೆ ಅಲುಗುತ್ತಿದ್ದವು. ಅಕ್ಕ ಒಂದೊಂದೇ ತಲೆಯನ್ನು ನೋಡುತ್ತ ಹೋದಳು. ನಾನೂ ನೋಡಿದೆ. ಮುಂದಿನ ಸ್ಟಾಪಿನಲ್ಲಿ ಇಳಿಯಬೇಕೆಂದು ಯಾರೋ ಕೂಗಿದರು, ಸೀಟಿ ಊದುವುದು ನನಗೆ ಮರೆತೇ ಹೋಗಿತ್ತು.